ಚೊಕ್ಕ ಕೋಣೆಯ ಕಾವಲು

ಸೈಮಾ ಕೊಸ್ಕೆಲಾ ಅಂಗಡಿಯಲ್ಲಿ ಮೊಟ್ಟೆ ಕೊಂಡರೆ, ಡಬ್ಬಿ ತೆರೆದು ಒಂದೊಂದನ್ನೂ ತಿರುಗಿಸಿ ನೋಡದೆ ದುಡ್ಡು ಕೊಡುತ್ತಿರಲಿಲ್ಲ. ಚರ್ಚಿನ ಊಟದಲ್ಲಿ ಯಾರಾದರೂ ಮಾಂಸ ತುಂಬಿದ ಪಾಸ್ಟಿ ಕಡುಬು ಕೊಟ್ಟರೆ ಅಂಚು ಮುರಿದು, ಒಳಗಿರುವುದು ದನದ ಮಾಂಸವೋ ಜಿಂಕೆಯದೋ ಎಂದು ಮೂಸುತ್ತಿದ್ದಳು. ಕೊಟ್ಟವರು ಎದುರಿಗೇ ನಿಂತಿರುತ್ತಿದ್ದರು. ಸರೋವರದ ಮೇಲೆ ಮಂಜುಗಡ್ಡೆ ಗಟ್ಟಿಯಾಗಿದೆ ಎಂದು ಗಂಡ ಹೇಳಿದರೂ ತಾನೇ ಹೋಗಿ ಕೊರೆದು ನೋಡಬೇಕು. ಇಂಥವಳ ಜೊತೆ ಶಾಲೆಯಲ್ಲಿ ಓದಿ, ಆಮೇಲೆ ಒಂದೇ ಲ್ಯಾಬಿನಲ್ಲಿ ಕೂದಲು ನರೆಯುವ ತನಕ ದುಡಿದವಳು ನಾನು. ನನ್ನ ತಾಳ್ಮೆಗೆ ಯಾರೂ ಹಾರ ಹಾಕಲಿಲ್ಲ.

ಸುಪೀರಿಯರ್ ಸರೋವರದ ದಂಡೆಯಲ್ಲಿ ನಮ್ಮದು ಸಣ್ಣ ಲ್ಯಾಬ್. ಸುತ್ತಲಿನ ಊರುಗಳಿಂದ ಕೆಮ್ಮಿದವರ, ಸೀನಿದವರ ಮೂಗಿನ ದ್ರವವೆಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಅದರಲ್ಲಿ ರೋಗಾಣುವಿನ ಡಿಎನ್‌ಎ ಒಂದು ಚೂರಿದ್ದರೂ ಸಾಕು, ಪಿಸಿಆರ್ ಯಂತ್ರ ಅದನ್ನು ಕೋಟಿಗಟ್ಟಲೆ ನಕಲು ಮಾಡಿ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಈ ಕೆಲಸದ ಸುಖವೂ ಅದೇ, ಶನಿಕಾಟವೂ ಅದೇ. ಆ ನಕಲುಗಳಲ್ಲಿ ಒಂದಿಷ್ಟು ತೋಳಿಗೋ ಕೂದಲಿಗೋ ಅಂಟಿಕೊಂಡು ಬಂದು ಮರುದಿನದ ಪರೀಕ್ಷೆಯೊಳಗೆ ಬಿದ್ದರೆ, ಗುಂಡುಕಲ್ಲಿನಂತಿರುವವನಿಗೂ ರೋಗವಿದೆ ಎಂದು ಯಂತ್ರ ಹೇಳಿಬಿಡುತ್ತದೆ. ಅದಕ್ಕೇ ನಮಗೆ ಎರಡು ಕೋಣೆ. ಚೊಕ್ಕ ಕೋಣೆಯಲ್ಲಿ ಪರೀಕ್ಷೆಯ ಟ್ಯೂಬುಗಳನ್ನು ತುಂಬುವುದು, ಕೊಳೆ ಕೋಣೆಯಲ್ಲಿ ನಕಲಾದ ಟ್ಯೂಬುಗಳನ್ನು ತೆರೆಯುವುದು. ಚೊಕ್ಕದಿಂದ ಕೊಳೆಗೆ ಹೋಗಬಹುದು. ಕೊಳೆ ಕೋಣೆ ಹೊಕ್ಕವರು ಆ ದಿನ ಚೊಕ್ಕ ಕೋಣೆಗೆ ಮರಳುವಂತಿಲ್ಲ. ಕನ್ನಡಕ ಚೊಕ್ಕ ಕೋಣೆಯಲ್ಲೇ ಮರೆತು ಬಂದರೆ ಮರುದಿನ ಬೆಳಗಿನ ತನಕ ಕುರುಡು.

ಈ ನಿಯಮವನ್ನು ನಾವು ಪಾಲಿಸುತ್ತೇವೆಂದು ಸೈಮಾ ಯಾವತ್ತೂ ನಂಬಲಿಲ್ಲ. ಚೊಕ್ಕ ಕೋಣೆಗೆ ಬೀಗ ಹಾಕಿಸಿದಳು. ಇದ್ದದ್ದು ಒಂದೇ ಕೀಲಿ. ಅದು ಕೆಂಪು ದಾರದಲ್ಲಿ ಅವಳ ಕೊರಳಲ್ಲಿ ತೂಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳು, ಕೆಲಸ ಮುಗಿದ ಮೇಲೆ ಹಾಕುವವಳೂ ಅವಳು. ನಡುವೆ ಮೊಳೆ ಹೊಡೆದಂತೆ ನಮ್ಮ ಬೆನ್ನ ಹಿಂದೆ ನಿಂತು, ಯಾರು ಯಾವ ಕೋಣೆಯಲ್ಲಿ ಏನು ಮಾಡುತ್ತಿದ್ದಾರೆ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಆ ಚಳಿಗಾಲದಲ್ಲಿ ರೋಸೆಲ್ಲಾ ಬಿಯಾಂಕಿಯ ಶಿಶುವಿಹಾರದ ಹುಡುಗನೊಬ್ಬನಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ನಾಯಿಕೆಮ್ಮು ಇರಬಹುದೆಂದು ಡಾಕ್ಟರು ಅಲ್ಲಿಯ ಮಕ್ಕಳೆಲ್ಲರ ಮೂಗಿನ ಸ್ವಾಬ್ ಕಳಿಸಿದರು. ಪ್ರತಿ ಪರೀಕ್ಷೆಯಲ್ಲೂ, ಯಂತ್ರ ಸರಿಯಿದೆಯೇ ಎಂದು ನೋಡಲು ನಾಯಿಕೆಮ್ಮಿನ ಡಿಎನ್‌ಎ ಇರುವ ಟ್ಯೂಬೊಂದನ್ನೂ ಬರೀ ನೀರಿನ ಟ್ಯೂಬೊಂದನ್ನೂ ಇಡುತ್ತೇವೆ. ನೀರಿನಲ್ಲಿ ಏನೂ ಕಾಣಬಾರದು; ಕಂಡರೆ ಹಳೆಯ ನಕಲು ಎಲ್ಲಿಂದಲೋ ಒಳಗೆ ಬಿದ್ದಿದೆ ಎಂದರ್ಥ. ಅವತ್ತು ನೀರಿನಲ್ಲಿ ಏನೂ ಕಾಣಲಿಲ್ಲ, ಮಕ್ಕಳಲ್ಲಿ ಅರ್ಧದಷ್ಟು ಜನರಲ್ಲಿ ಕಂಡಿತು. ಆರೋಗ್ಯ ಕಚೇರಿಗೆ ವರದಿ ಹೋಯಿತು.

ಕಚೇರಿಯವರು ಬಾಯಿ ಬಿಡುವ ಮೊದಲೇ ಸೈಮಾ ಶಿಶುವಿಹಾರಕ್ಕೆ ಹೋಗಿ ಮೊಮ್ಮಗಳು ಟಿಲ್ಲಿಯನ್ನು, ಅವಳ ಹೊದಿಕೆ, ಬೂಟುಗಳ ಸಮೇತ ಎತ್ತಿಕೊಂಡು ಬಂದಳು. ತಾಯಂದಿರೆಲ್ಲ ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಹೊತ್ತು ಅದು.

"ಏನಾಯ್ತು ಸೈಮಾ?" ಎಂದು ರೋಸೆಲ್ಲಾ ಕೇಳಿದಳಂತೆ.

"ನಾನು ಲ್ಯಾಬಿನೋಳು. ನಂಗೊತ್ತು," ಎಂದಳಂತೆ ಇವಳು.

ಅಷ್ಟು ಸಾಕಾಯಿತು. ಮಿಕ್ಕವರೂ ಮಕ್ಕಳನ್ನು ಬಿಡಿಸಿಕೊಂಡರು. ರೋಸೆಲ್ಲಾ ಆಟದ ಸಾಮಾನು ತೊಳೆಯುವುದಿಲ್ಲವಂತೆ, ಅವಳಿಗೇ ಹೋದ ವರ್ಷದಿಂದ ಕೆಮ್ಮಂತೆ ಎಂದು ಊರು ತಲೆಗೊಂದು ಮಾತಾಡಿತು. ಆರೋಗ್ಯ ಕಚೇರಿಯ ಬೋದ್ರಿ ಶಿಶುವಿಹಾರದ ಬಾಗಿಲು ಮುಚ್ಚಿಸಿದ. ಇನ್ನೊಂದು ಸುತ್ತಿನ ಪರೀಕ್ಷೆಯಲ್ಲೂ ರೋಗ ಕಂಡರೆ ಲೈಸೆನ್ಸ್ ರದ್ದು ಎಂದ. ಆ ಮನೆ, ಆ ಮಕ್ಕಳು ಬಿಟ್ಟರೆ ರೋಸೆಲ್ಲಾಗೆ ಬೇರೇನೂ ಇರಲಿಲ್ಲ.

ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಒಂದು ಮಗುವೂ ನಾಯಿಕೆಮ್ಮು ಬಂದವರ ಹಾಗೆ ಊಳಿಟ್ಟು ಉಸಿರೆಳೆಯಲಿಲ್ಲ. ತಟ್ಟೆಯಲ್ಲಿ ರೋಗಾಣು ಬೆಳೆಯಲಿ ಎಂದು ಇಟ್ಟದ್ದರಲ್ಲಿ ಏನೂ ಬೆಳೆಯಲಿಲ್ಲ. ಎರಡನೆಯ ಸುತ್ತು ಮಾಡಿದೆವು. ಈ ಸಲ ಬರೀ ನೀರಿನಲ್ಲೇ ನಾಯಿಕೆಮ್ಮು!

ಸೈಮಾ ಯಂತ್ರ ನೋಡಲಿಲ್ಲ, ನನ್ನನ್ನು ನೋಡಿದಳು.

"ಕೊಳೆ ಕೋಣೆಯಿಂದ ವಾಪಸ್ ಚೊಕ್ಕ ಕೋಣೆಗೆ ಹೋಗಿದ್ಯಾ ಕಾರ್ಲಾ?"

"ಹೆಂಗೆ ಹೋಗ್ಲಿ? ಕೀಲಿ ಕೊರಳಿಗೆ ನೇತಾಕ್ಕೊಂಡಿರೋಳು ನೀನು. ಗೋಡೆ ತೂರ್ಕೊಂಡು ಹೋಗ್ಲಾ?"

"ನಾನು ಬಾಗಿಲು ತೆಗ್ದಿದ್ದಾಗ ನುಗ್ಗಿರ್ತೀಯ. ಸ್ವೆಟರ್ ಬಿಚ್ಚು."

ನನ್ನ ಸ್ವೆಟರಿನ ತೋಳು, ಬೂಟಿನ ಅಡಿ, ಕೂದಲು ಎಲ್ಲವನ್ನೂ ಸ್ವಾಬಿನಿಂದ ಒರೆಸಿಕೊಂಡಳು. ಕಳ್ಳಿಯನ್ನು ಝಡ್ತಿ ಮಾಡಿದ ಹಾಗೆ! ಕಸ ಗುಡಿಸುವವನ ಪೊರಕೆ, ಬಾಗಿಲ ಹಿಡಿ, ಕುರ್ಚಿ, ಪೆನ್ನು, ಯಾವುದನ್ನೂ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಎಲ್ಲಾರನ್ನೂ ಒರೆಸಿದ್ದಾಯ್ತು. ನಿನ್ನನ್ನ ಯಾರು ಒರೆಸ್ತಾರೆ?"

"ನಾನು ಕೋಟು ಬದ್ಲಾಯಿಸ್ತೀನಿ, ಗ್ಲೌಸ್ ಬದ್ಲಾಯಿಸ್ತೀನಿ."

"ಕೊರಳು ಬದ್ಲಾಯಿಸ್ತೀಯಾ?"

ಬೈಗುಳದ ಭರದಲ್ಲಿ ಬಂದ ಮಾತದು. ನಾನೇನು ಯೋಚಿಸಿ ಆಡಿದ್ದಲ್ಲ. ಅವಳ ಕೈ ತಾನಾಗಿ ಕೆಂಪು ದಾರದ ಮೇಲೆ ಹೋಯಿತು. ಹಿಂದಿನ ದಿನ ಕೊಳೆ ಕೋಣೆಯಲ್ಲಿ ನಕಲಾದ ಟ್ಯೂಬುಗಳ ಮೇಲೆ ಬಗ್ಗಿದ್ದಾಗ ತೂಗಾಡಿದ ಕೀಲಿಯೇ ಮರುದಿನ ಚೊಕ್ಕ ಕೋಣೆಯಲ್ಲಿ, ಬಾಯಿ ತೆರೆದ ಟ್ಯೂಬುಗಳ ಮೇಲೆ ತೂಗಾಡುತ್ತಿತ್ತು. ಅದನ್ನು ಮೊಳೆಗೆ ನೇತುಹಾಕಿ ಬರುವಷ್ಟು ನಂಬಿಕೆ ಅವಳಿಗೆ ಯಾರ ಮೇಲೂ ಇರಲಿಲ್ಲ.

"ಒರೆಸು," ಎಂದು ಕೀಲಿ ನನ್ನತ್ತ ಚಾಚಿದಳು.

ನಮ್ಮ ಲ್ಯಾಬಿನ ನೀರನ್ನೂ ಮುಟ್ಟದೆ, ಆಸ್ಪತ್ರೆಯವರ ಕೋಣೆಯನ್ನು ಕೇಳಿ ಪಡೆದು, ಅವರದೇ ಸಾಮಗ್ರಿಯಲ್ಲಿ ಪರೀಕ್ಷೆ ಮಾಡಿದೆವು. ನನ್ನ ಸ್ವೆಟರು ಖಾಲಿ. ಬೂಟು ಖಾಲಿ. ಪೊರಕೆ, ಪೆನ್ನು, ಕುರ್ಚಿ ಎಲ್ಲ ಖಾಲಿ. ಕೀಲಿಯ ಜಾಗದಲ್ಲಿ ಮಾತ್ರ ನಾಯಿಕೆಮ್ಮಿದೆ ಎನ್ನುವ ಕಣ್ಣು ಕುಕ್ಕುವ ಗೆರೆ.

ಸೈಮಾ ಗೆರೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಟ್ಯೂಬು ಅದಲುಬದಲು ಮಾಡಿಲ್ಲ ತಾನೇ?" ಎಂದಳು.

"ಅಯ್ಯೋ ಮಾರಾಯ್ತಿ! ನೀನೇ ಮಾಡು ಹೋಗು."

ತಾನೇ ಮಾಡಿದಳು. ಅದೇ ಗೆರೆ ಬಂತು. ಕೀಲಿಯನ್ನು ಕೊರಳಿಂದ ತೆಗೆದು, ದಾರದ ಸಮೇತ ಬ್ಲೀಚಿನ ಬಟ್ಟಲಿಗೆ ಹಾಕಿದಳು. ದಾರ ಬಣ್ಣ ಬಿಡುವುದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಮಕ್ಕಳ ಸ್ವಾಬುಗಳಲ್ಲಿ ಉಳಿದಿದ್ದನ್ನು ಅದೇ ಆಸ್ಪತ್ರೆಯ ಕೋಣೆಯಲ್ಲಿ ಮೊದಲಿನಿಂದ ಪರೀಕ್ಷಿಸಿದೆವು. ಒಂದು ಮಗುವಿನಲ್ಲೂ ನಾಯಿಕೆಮ್ಮು ಇರಲಿಲ್ಲ. ಆ ಹುಡುಗನದು ಬರೀ ನೆಗಡಿ.

ಅವಳೇ ಬೋದ್ರಿಗೆ ಫೋನ್ ಮಾಡಿದಳು. "ಮಕ್ಕಳಿಗೆ ಏನೂ ಇಲ್ಲ. ಇದ್ದಿದ್ದು ನನ್ನ ಕೊರಳಲ್ಲಿ," ಎಂದಳು. ಯಂತ್ರದಲ್ಲಿ ಏನೋ ದೋಷ ಅಂತ ಹೇಳಿಬಿಟ್ಟರೆ ಎಲ್ಲರಿಗೂ ಒಳ್ಳೆಯದಲ್ಲವೇ ಎಂದು ಆ ಕಡೆಯಿಂದ ಅವನು ಕೇಳಿರಬೇಕು.

"ಯಂತ್ರ ನೆಟ್ಟಗಿದೆ," ಎಂದು ಫೋನ್ ಇಟ್ಟಳು.

ಕೀಲಿಯ ವಿಷಯ ಬೋದ್ರಿ ರೋಸೆಲ್ಲಾಗೆ ತಿಳಿಸಿದ, ಶಿಶುವಿಹಾರದ ಬಾಗಿಲು ತೆರೆಯಿತು. ಆದರೆ ಯಾರೂ ಬರಲಿಲ್ಲ. ಕಾರುಗಳು ಮನೆಯ ಮುಂದೆ ನಿಧಾನವಾಗುತ್ತಿದ್ದವು, ಒಳಗಿದ್ದವರು ಕಿಟಕಿಯಿಂದ ನೋಡುತ್ತಿದ್ದರು, ಹಾಗೇ ಹೋಗಿಬಿಡುತ್ತಿದ್ದರು. ಲ್ಯಾಬಿನವಳೇ ಮೊಮ್ಮಗಳನ್ನು ಎತ್ತಿಕೊಂಡು ಹೋದ ಮೇಲೆ ಕಚೇರಿಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ನಮ್ಮೂರಿನ ಹಣೆಬರಹವೇ ಅಷ್ಟು.

ಸೋಮವಾರ ಬೆಳಿಗ್ಗೆ, ಊರಿನವರೆಲ್ಲ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿಗೆ, ಸೈಮಾ ಟಿಲ್ಲಿಯ ಕೈ ಹಿಡಿದು ಆ ಬೀದಿಯಲ್ಲಿ ನಡೆದಳು. ನಾನೂ ಜೊತೆಗೆ ಹೋದೆ. ಹಿಮ ಸಣ್ಣಗೆ ಬೀಳುತ್ತಿತ್ತು. ರೋಸೆಲ್ಲಾ ಬಾಗಿಲು ತೆಗೆದಳು, ನಗಲಿಲ್ಲ.

"ಕೈ ತೋರ್ಸು ಪುಟ್ಟಿ," ಎಂದಳು. ಟಿಲ್ಲಿ ಎರಡೂ ಕೈ ತೋರಿಸಿ ಒಳಗೆ ಓಡಿದಳು. ಸೈಮಾ ಮೆಟ್ಟಿಲು ಹತ್ತಿದಾಗ ರೋಸೆಲ್ಲಾ ಬಾಗಿಲಿಗೆ ಅಡ್ಡವಾಗಿ ತೋಳು ಚಾಚಿದಳು.

"ಮಗು ಇರ್ಲಿ. ನೀನು ಅಲ್ಲೇ ನಿಲ್ಲು."

"ಆ ಕೀಲಿ ಈಗ ಇಲ್ಲ ಕಣೆ." ಸೈಮಾ ಕೋಟಿನ ಗುಂಡಿ ಬಿಚ್ಚಿ ಬರಿಯ ಕೊರಳು ತೋರಿಸಿದಳು. "ನೋಡು ಬೇಕಾದ್ರೆ."

"ನೀನು ಹೇಳ್ತೀಯ. ನಾನು ಹೆಂಗೆ ನಂಬ್ಲಿ?"

ಬಾಗಿಲು ಮುಚ್ಚಿತು. ನನಗೆ ಸೈಮಾಳ ಮುಖ ನೋಡಲು ಆಗಲಿಲ್ಲ. "ಹೋಗೋಣ ಬಾ," ಎಂದು ತೋಳು ಎಳೆದೆ.

"ಸರಿಯಾಗೇ ಮಾಡಿದ್ಲು. ಅವಳ ಜಾಗದಲ್ಲಿ ನಾನಿದ್ರೂ ಬಿಡ್ತಿರ್ಲಿಲ್ಲ," ಎಂದಳು. ಕೋಟಿನ ಗುಂಡಿ ಹಾಕಿಕೊಳ್ಳಲೂ ಇಲ್ಲ, ಮೆಟ್ಟಿಲಿಳಿಯಲೂ ಇಲ್ಲ. "ನೀನು ಹೋಗು. ಮಗು ಒಳಗಿದೆ, ನಾನು ಹೊರಗಿದೀನಿ. ಎಲ್ರಿಗೂ ಕಾಣ್ಲಿ."

ಮೊದಲ ಕಾರು ನಿಧಾನವಾಗಿ, ನೋಡಿ, ಹೋಯಿತು. ಎರಡನೆಯದೂ ಹೋಯಿತು. ಅವಳು ಅಲ್ಲಾಡಲಿಲ್ಲ. ಕೊನೆಗೆ ಒಂದು ಕಾರು ನಿಂತು, ಹಿಂದಿನ ಬಾಗಿಲಿನಿಂದ ಮಗುವೊಂದು ಕೆಳಗಿಳಿಯುವ ಹೊತ್ತಿಗೆ ಸೈಮಾಳ ಬರಿಯ ಕೊರಳ ಮೇಲೆಲ್ಲ ಹಿಮ ಬಿದ್ದಿತ್ತು.