ಕಮಲಾಕ್ಷಮ್ಮನ ಹಗಲು ನಾಟಕ

ನಮ್ಮ ಹೊಳೆನರಸೀಪುರದ ಮಕ್ಕಳಿಗೆ ಆ ಕಾಲದಲ್ಲಿ ಯಾವ ನಾಟಕದ ಕೊನೆಯೂ ಗೊತ್ತಿರಲಿಲ್ಲ. ಕಂಪನಿ ನಾಟಕ ಶುರುವಾಗುತ್ತಿದ್ದುದೇ ರಾತ್ರಿ ಹತ್ತಕ್ಕೆ, ಮುಗಿಯುತ್ತಿದ್ದುದು ಕೋಳಿ ಕೂಗುವಾಗ. ರಾಜ ಸೆರೆ ಸೇರುವಷ್ಟರಲ್ಲಿ ನಾವೆಲ್ಲ ಚಾಪೆಯ ಮೇಲೆ ಗೊರಕೆ. ಅವನಿಗೆ ಬಿಡುಗಡೆಯಾಯಿತೋ ಇಲ್ಲವೋ, ಅದು ದೊಡ್ಡವರಿಗೇ ಗೊತ್ತು.

ಇದನ್ನು ಸಹಿಸದವಳು ನನ್ನ ಚಿಕ್ಕಮ್ಮ ಕಮಲಾಕ್ಷಮ್ಮ. ಸಾಲಗಾಮೆಯಲ್ಲಿ ಹುಟ್ಟಿ, ಹದಿಮೂರಕ್ಕೆ ನಮ್ಮ ರಾಗಿ ಮಂಡಿಯ ಮನೆಗೆ ಸೊಸೆಯಾಗಿ ಬಂದವಳು. ಹೆತ್ತ ಮಕ್ಕಳಿರಲಿಲ್ಲ, ಬೀದಿಯ ಮಕ್ಕಳೆಲ್ಲ ಅವಳವೇ. ಹೆಂಗಸರ ಕಡೆ ಕೂತು ಒಂದು ಸಲ ಕೇಳಿದರೆ ಸಾಕು, ಹಾಡು ಅವಳಿಗೆ ಬಾಯಿಪಾಠ. ಆದರೆ ಹಾಡುತ್ತಿದ್ದುದು ಅಡುಗೆಮನೆಯಲ್ಲಿ ಮಾತ್ರ, ಗಂಡಸರ ಮುಂದೆ ಒಂದು ಸೊಲ್ಲೂ ಇಲ್ಲ. ಮೂವತ್ತೊಂಬತ್ತನೇ ಇಸವಿಯ ಆಷಾಢದಲ್ಲಿ ಉಗ್ರಾಣ ಬರಿದಾದಾಗ, ನಮ್ಮ ಎಂಟು ಮಂದಿಯನ್ನು ಅಲ್ಲಿ ಕೂಡಿಹಾಕಿ ರಾಜಕುಮಾರಿಯೊಬ್ಬಳು ಸೆರೆಯಲ್ಲಿದ್ದ ತಂದೆಯನ್ನು ಹಾಡಿನಿಂದಲೇ ಬಿಡಿಸುವ ನಾಟಕ ಕಲಿಸತೊಡಗಿದಳು. ರಾಗಿ ಅಳೆಯುವ ಕೊಳಗವೇ ತಬಲ.

"ಯಾರಾದ್ರೂ ಒನ್ಸ್ ಮೋರ್ ಅಂದ್ರೆ ಇನ್ನೊಂದ್ಸಲ ಮಾಡ್ಬೇಕು ಕಣ್ರೋ. ಸತ್ತೋನಾದ್ರೂ ಎದ್ದು ಹಾಡ್ಬೇಕು!"

ಮನೆಯ ಹಿರಿಯರಾದ ನನ್ನ ಅಪ್ಪಯ್ಯ ಚಂದ್ರಶೇಖರಯ್ಯನವರಿಗೆ ನಾಟಕವೆಂದರೆ ಮೈಯೆಲ್ಲ ಉರಿ. "ನಾಟ್ಕ ಮುಗಿಯೋಗಂಟ ಎಚ್ಚರ ಇರೋ ಮಗೀನ ನಾನಂತೂ ಕಂಡಿಲ್ಲ. ಆಡ್ಸು, ನೋಡಾನ. ಒಂದು ಮಗು ತೂಕಡಿಸಿದ್ರೂ ಉಗ್ರಾಣಕ್ಕೆ ಬೀಗ, ನಿನ್ನ ಹುಚ್ಚಿಗೂ ಬೀಗ" ಎಂದರು.

ಚಿಕ್ಕಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, "ಆಗ್ಲಿ ಬಾವ. ಹಗಲೇ ಆಡಿಸ್ತೀನಿ" ಎಂದಳು.

ಭಾನುವಾರ ಮಧ್ಯಾಹ್ನ ಬೀದಿಗೆ ಬೀದಿಯೇ ಬಂದು ಕೂತಿತು. ಮುಂದಿನ ಸಾಲಿನಲ್ಲಿ ಅಪ್ಪಯ್ಯ, ಅವರ ತೊಡೆಯ ಮೇಲೆ ಬೀಗ. ಪ್ರೇಮಕುಮಾರಿ ಎಂಬ ನಾನು ಏಳು ವರ್ಷದ ರಾಜಕುಮಾರಿ. ಪಕ್ಕದ ಮನೆಯ ಐದು ವರ್ಷದ ನಂಜಯ್ಯ ರಾಜ; ಹತ್ತಿಯ ಮೀಸೆ, ಗೋಣಿಚೀಲದ ಸೆರೆಮನೆ. ಮೊದಲರ್ಧ ಹೂವೆತ್ತಿದಂತೆ ಆಯಿತು. ಆದರೆ ಚಿಕ್ಕಮ್ಮ ಪ್ರೀತಿಯಿಂದ ಒಂದು ತಪ್ಪು ಮಾಡಿದ್ದಳು: ಆಟಕ್ಕೆ ಮುಂಚೆ ಎಲ್ಲರಿಗೂ ಹೊಟ್ಟೆ ತುಂಬ ಮುದ್ದೆ ಇಕ್ಕಿದ್ದಳು. ಮುದ್ದೆ ಉಂಡು ಗೋಣಿಚೀಲದ ಮೇಲೆ ಒರಗಿದರೆ ರಾಜನಾದರೇನು, ಸೇವಕನಾದರೇನು? ನಂಜಯ್ಯ ನಿಜವಾಗಿಯೇ ನಿದ್ದೆ ಹೋದ.

ನಾನು ಹಾಡಿದೆ, ಅಲುಗಾಡಿಸಿದೆ, ಮೀಸೆ ಹಿಡಿದು ಎಳೆದೆ. ಮೀಸೆ ನನ್ನ ಕೈಗೆ ಬಂತು, ರಾಜ ಏಳಲಿಲ್ಲ. ನನಗೆ ಅಳು ಬಂತು. ಅಪ್ಪಯ್ಯ ಬೀಗ ಹಿಡಿದು ಎದ್ದುನಿಂತರು.

ಆಗ ಪರದೆ ಸರಿಯಿತು. ಕೊಳಗವನ್ನು ಕಂಕುಳಲ್ಲಿ ಇರುಕಿಕೊಂಡೇ ಚಿಕ್ಕಮ್ಮ ಹೊರಗೆ ಬಂದಳು. ಸೆರಗು ತಲೆಯಿಂದ ಜಾರಿದ್ದರ ಪರಿವೆಯೂ ಇಲ್ಲ. ಬಾವನ ಮುಂದೆ, ಬೀದಿಯ ಗಂಡಸರೆಲ್ಲರ ಮುಂದೆ, ರಾಜಕುಮಾರಿಯ ಹಾಡನ್ನು ತುಂಬುಗಂಟಲಲ್ಲಿ ಎತ್ತಿಕೊಂಡಳು. ಅಂಥ ದನಿ ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ಹೇಗೆ ಹಿಡಿಸಿತ್ತೋ ಶಿವನೇ ಬಲ್ಲ. ನನ್ನ ಅಳು ನಿಂತಿತು, ಹೆಮ್ಮೆಯಿಂದ ಎದೆ ಉಬ್ಬಿತು. ಎರಡನೇ ಚರಣಕ್ಕೆ ನಂಜಯ್ಯ ಕಣ್ಣುಜ್ಜಿಕೊಂಡು ಎದ್ದವನೇ, ಒಂದಕ್ಷರ ತಪ್ಪದೆ, "ಬಂದೆಯಾ ಮಗಳೇ, ನನ್ನ ಸಂಕೋಲೆ ಕಳಚಲು!" ಎಂದ.

ಉಗ್ರಾಣದ ಹೆಂಚು ಹಾರುವಂಥ ಚಪ್ಪಾಳೆ ಬಿತ್ತು.

"ನಿದ್ದೆ ಮಾಡ್ಬುಟ್ಟ, ಬೀಗ ಹಾಕಿ ಸ್ವಾಮಿ" ಎಂದು ಹಿಂದಿನಿಂದ ಯಾರೋ ರೇಗಿಸಿದರು.

"ಸೆರೇಲಿರೋ ರಾಜ ಮಲಗ್ದೆ ಇನ್ನೇನು ಕುಣೀತಾನೇನ್ಲಾ?" ಎಂದು ಅಪ್ಪಯ್ಯ ಗದರಿದರು. ಆಮೇಲೆ ಕೂತುಕೊಂಡು, ಮನೆಯವರು ಯಾರೂ ಕೇಳಿರದ ದನಿಯಲ್ಲಿ ಕೂಗಿದರು: "ಒನ್ಸ್ ಮೋರ್!"

ಕಲಿತ ಪಾಠ ಬಿಡುವುದುಂಟೆ? ನಂಜಯ್ಯ ಓಡಿಹೋಗಿ ಮತ್ತೆ ಮಲಗಿಬಿಟ್ಟ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು, ನಗುತ್ತ, ಮತ್ತೆ ಹಾಡಿದಳು.

ಮುಂದೆ ಎಂಟು ವರ್ಷ ಆಷಾಢಕ್ಕೊಂದು ಹಗಲು ನಾಟಕ ನಡೆಯಿತು. ಅರಕಲಗೂಡಿನಿಂದಲೂ ಗಾಡಿ ಕಟ್ಟಿಕೊಂಡು ಮಕ್ಕಳು ಬಂದರು. ಆದರೆ ನಾನು ಮರೆಯದಿರುವುದು ಆ ಮೊದಲ ಸಂಜೆಯನ್ನು. ರಾಜ ಸಿಂಹಾಸನ ಏರಿದ ಮೇಲೆ ಅಪ್ಪಯ್ಯ ಬೀಗ, ಕೀಲಿ ಎರಡನ್ನೂ ಚಿಕ್ಕಮ್ಮನ ಕೈಗಿಟ್ಟರು.

"ಇದು ನಿನ್ ತಾವೇ ಇರ್ಲವ್ವ. ಚಿಕ್ಕೋನಿದ್ದಾಗ ನಾನೂ ಈ ಆಟ ನೋಡಿದ್ದೆ, ರಾಜ ಸೆರೆ ಸೇರೋಗಂಟ. ನಿದ್ದೆ ಹೋದೆ ಅಂತ ಮತ್ಯಾರೂ ಕರ್ಕೊಂಡ್ ಹೋಗ್ಲಿಲ್ಲ." ಸಿಂಹಾಸನದ ಕಡೆ ತಿರುಗಿ ಹೇಳಿದರು: "ಅವನಿಗೆ ಬಿಡುಗಡೆ ಆಯ್ತದೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."