ಮುಂಬಾಗಿಲಿಗೆ ಬಂದ ಹೊಲಿಗೆ ಯಂತ್ರ

ನನ್ನ ಓರಗಿತ್ತಿಯನ್ನು ನಮ್ಮ ಮನೆಯಲ್ಲಿ ಯಾಕಮ್ಮ ಎಂದೇ ಕರೆಯುವುದು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಇಟ್ಟ ಹೆಸರು. ಮಾವನವರ ಕುರ್ಚಿಯಲ್ಲಿ ಬೇರೆಯವರು ಕೂರುವುದಿಲ್ಲ ಯಾಕೆ, ಒಳ್ಳೆಯ ಲೋಟಗಳೆಲ್ಲ ಬೀರುವಿನಲ್ಲೇ ಇರುತ್ತವೆ ಯಾಕೆ, ಎಲ್ಲದಕ್ಕೂ ಒಂದು ಯಾಕೆ. "ಇವಳಿಗೆ ಉತ್ತರ ಹೇಳೋಕೇ ಒಂದು ಆಳು ಇಡಬೇಕು" ಎಂದು ಅತ್ತೆ ಗೊಣಗುತ್ತಿದ್ದರು. ಆಳು ಸಿಗಲಿಲ್ಲ, ನಾನು ಸಿಕ್ಕಿದೆ.

ಅವಳು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಏಷ್ಯಾದ ಸಮಾಜಗಳು ಹೇಗೆ ಬದಲಾಗುತ್ತಿವೆ ಎಂಬುದು ವಿಷಯ. ಕೇಳಿದವರಿಗೆ ಇವಳು ವಿಮಾನ ಹತ್ತಿ ದೇಶ ದೇಶ ಸುತ್ತುವವಳು ಅನ್ನಿಸಬೇಕು. ಸುತ್ತಿದ್ದು ಮಾತ್ರ ನಮ್ಮ ಬಡಾವಣೆಯ ಓಣಿಗಳನ್ನು. ನೋಡಿದ್ದು ಯಾರ ಮನೆಯಲ್ಲಿ ಹೊಲಿಗೆ ಯಂತ್ರ ಯಾವ ಕೋಣೆಯಲ್ಲಿದೆ ಎಂದು. ಮನೆಯಲ್ಲೇ ಹೊಲಿದು ಸಂಪಾದಿಸುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಯಂತ್ರಗಳು ಹಿಂದೆಲ್ಲ ಅಡುಗೆಮನೆಯ ಮೂಲೆಯಲ್ಲಿ, ಹಿಂಬಾಗಿಲ ಪಕ್ಕ ಇರುತ್ತಿದ್ದವು. ಈಗೀಗ ಒಂದೊಂದಾಗಿ ಮುಂದಿನ ಕೋಣೆಗೆ ಬಂದು ಕೂತಿವೆ. ಬೇರೆ ದೇಶಗಳ ಸಂಶೋಧಕರೂ ಇಂಥದ್ದನ್ನೇ ಕಂಡು ಅವಳಿಗೆ ಬರೆದಿದ್ದರು. ಒಂದು ಸಮಾಜ ಬದಲಾಗುವುದನ್ನು ಇಷ್ಟು ಸಣ್ಣದರಲ್ಲೇ ಹಿಡಿದು ತೋರಿಸುತ್ತೇನೆ ಎಂದು ಅವಳ ಹಟ.

ಹಟ ಇದ್ದರೆ ಸಾಕೆ, ವಿಭಾಗ ಬೇಡವೆ? ಸಮಾಜಶಾಸ್ತ್ರದವರು, "ಇದು ದುಡಿಮೆ ವಿಷಯ, ಅರ್ಥಶಾಸ್ತ್ರಕ್ಕೆ ಹೋಗಮ್ಮ" ಎಂದರು. ಅರ್ಥಶಾಸ್ತ್ರದವರು ಕೋಣೆ, ಬಾಗಿಲು ಎಂದರೆ ವಾಸ್ತುಶಿಲ್ಪ ಎಂದರು. ವಾಸ್ತುಶಿಲ್ಪದವರು ಹೆಂಗಸರ ವಿಷಯ ಎಂದು ವಾಪಸು ಸಮಾಜಶಾಸ್ತ್ರಕ್ಕೇ ಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಮಾತ್ರ ಮೂರೂ ಕಡೆಯ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಮೂರು ವಿಭಾಗದವರೂ ಒಟ್ಟಿಗೆ ಕೂತು ಪರೀಕ್ಷಿಸುವಂತೆ ಮಾಡಿದಳು. ಪ್ರಬಂಧದ ಗಡುವನ್ನು ಎರಡು ಸಲ ಮುಂದೂಡಿ ಆಗಿತ್ತು. ಈ ಸಲ ಅವರು ಒಪ್ಪದಿದ್ದರೆ ಆರು ವರ್ಷದ ದುಡಿತ ನೀರಿನಲ್ಲಿ ಹೋಮ ಮಾಡಿದಂತೆಯೇ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಯಂತ್ರ ಯಾಕೆ ಮುಂದೆ ತಂದಿರಿ ಎಂದು ಕೇಳಿದರೆ ಎಲ್ಲ ಹೆಂಗಸರದೂ ಒಂದೇ ಉತ್ತರ, "ಬೆಳಕಿಗೆ." ಇವಳು ನಂಬಿ ಒಂದು ಇಡೀ ಅಧ್ಯಾಯ ಬರೆದಳು. ಆಮೇಲೊಂದು ಮಧ್ಯಾಹ್ನ ಶಾಲೆಯ ಸಮವಸ್ತ್ರ ಹೊಲಿಯುವಾಕೆಯ ಮನೆಗೆ ಹೋದಳು. ಪಕ್ಕದವರು ಗೋಡೆ ಎಬ್ಬಿಸಿದ್ದರಿಂದ ಆ ಮನೆಯ ಮುಂದಿನ ಕಿಟಕಿ ಪೂರ್ತಿ ಮುಚ್ಚಿಹೋಗಿತ್ತು. ಬಿಸಿಲೆಲ್ಲ ಹಿಂದೆ ಅಡುಗೆಮನೆಯಲ್ಲಿ. ಯಂತ್ರ ಮಾತ್ರ ಮುಂದಿನ ಕೋಣೆಯಲ್ಲಿ, ಹಾಡುಹಗಲೇ ಉರಿಯುವ ಬಲ್ಬಿನ ಕೆಳಗೆ. ಯಾಕೆ ಎಂದರೆ ಆಕೆಯೂ ಮುಖ ತಗ್ಗಿಸಿ "ಬೆಳಕಿಗೆ" ಎಂದಳು.

ಯಾಕಮ್ಮ ಮನೆಗೆ ಬಂದು ಮೊದಲು ನಕ್ಕಳು. ಆಮೇಲೆ ಅಧ್ಯಾಯ ಹರಿದು ಹಾಕಿ ಅತ್ತಳು.

"ಅಕ್ಕಾ, ಯಾಕೆ ಅಂತ ಕೇಳಿದ್ರೆ ಜನ ಒಪ್ಪೋ ಅಂಥ ಕಾರಣ ಕೊಡ್ತಾರೆ. ಯಂತ್ರ ಎತ್ತಿಟ್ಟ ದಿನ ಏನಾಯ್ತು ಅಂತ ಕೇಳಬೇಕಿತ್ತು ನಾನು."

ಮತ್ತೆ ಮನೆ ಮನೆ ಸುತ್ತಿದಳು, ಈ ಸಲ ಹೊಲಿಸಲು ಬಟ್ಟೆ ಹಿಡಿದುಕೊಂಡು. ಆಗ ಹೊರಬಿತ್ತು ಕತೆ. ಹಿಂಬಾಗಿಲಿಗೆ ಬಂದ ಗಿರಾಕಿಗಳು ಅರ್ಧ ಕೂಲಿ ಕೊಟ್ಟು ಉಪಕಾರ ಮಾಡಿದವರಂತೆ ಹೋಗುತ್ತಿದ್ದರಂತೆ. ಮುಂಬಾಗಿಲಿಂದ ಬಂದವರು ಕುರ್ಚಿ ಎಳೆದು ಕೂತು, ಯಾವಾಗ ಕೊಡ್ತೀರಿ ಎಂದು ಮರ್ಯಾದೆಯಿಂದ ಕೇಳುತ್ತಾರಂತೆ. ಹೆಂಡತಿ ದುಡಿಯುವುದು ಬೀದಿಗೆ ಕಾಣಬಾರದು ಎನ್ನುವ ಮನೆಗಳಲ್ಲಿ ಇದನ್ನೆಲ್ಲ ಹೇಳಲಾದೀತೆ? "ಬೆಳಕು ಅಂದ್ರೆ ಯಾರೂ ಜಗಳ ಆಡಲ್ಲ" ಎಂದಳಂತೆ ಒಬ್ಬಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಪರೀಕ್ಷೆಯ ದಿನ ಸಭಾಂಗಣ ಎಲ್ಲರಿಗೂ ತೆರೆದಿತ್ತು. ಹೊಲಿಯುವ ಹೆಂಗಸರು ಹಿಂದಿನ ಸಾಲುಗಳಲ್ಲಿ ತುಂಬಿಕೊಂಡಿದ್ದರು, ಕೆಲವರ ಗಂಡಂದಿರೂ ಬಂದಿದ್ದರು. ನಾನು, ಅತ್ತೆ ಮುಂದೆ. ಅರ್ಥಶಾಸ್ತ್ರದ ಪರೀಕ್ಷಕರು ಕನ್ನಡಕ ತೆಗೆದಿಟ್ಟು ಕೇಳಿದರು.

"ಬೆಳಕಿಗೆ ಅಂತ ಆ ಹೆಂಗಸರೇ ಹೇಳಿದಾರೆ. ಅಲ್ಲ ಅನ್ನೋಕೆ ನೀವು ಯಾರು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು.

"ಅವರು ಸುಳ್ಳು ಹೇಳಿದ್ರು ಅಂತ ನಾನು ಬರೆದಿಲ್ಲ ಸಾರ್" ಎಂದಳು ಯಾಕಮ್ಮ. "ಆ ಮಾತು ಅವರಿಗೆ ಇನ್ನೂ ಬೇಕು. ಬೇಡವಾದ ದಿನ ತಾವೇ ಬಿಡ್ತಾರೆ."

"ಬಿಟ್ಟವರನ್ನ ನೋಡಿದೀರಾ?"

"ನನ್ನ ಹತ್ರ ಗುಟ್ಟಾಗಿ ಹೇಳಿದಾರೆ. ಮನೆಯವರ ಮುಂದೆ ಬಿಟ್ಟವರನ್ನ ನೋಡಿಲ್ಲ."

ಅವರು ಏನೋ ಬರೆಯಲು ಪೆನ್ನು ಎತ್ತಿಕೊಂಡರು. ಮುಗಿಯಿತು ಎಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸಮವಸ್ತ್ರ ಹೊಲಿಯುವಾಕೆ ಎದ್ದು ನಿಂತಿದ್ದಳು. ಪಕ್ಕದಲ್ಲೇ ಅವಳ ಗಂಡ.

"ಬೆಳಕಿಗಲ್ಲ ಸಾರ್" ಎಂದಳು. "ಗಿರಾಕಿಗಳು ನಮ್ಮನೆ ಮುಂಬಾಗಿಲಿಂದ ಬರಲಿ ಅಂತ."

ಇಡೀ ಸಭಾಂಗಣ ತಿರುಗಿ ಆ ಗಂಡನನ್ನು ನೋಡಿತು. ಅವನು ಕತ್ತು ಕೆರೆದುಕೊಂಡ.

"ನನಗೆ ಗೊತ್ತಿತ್ತು ಸಾರ್. ಬಲ್ಬ್ ಹಾಕಿಕೊಟ್ಟಿದ್ದೇ ನಾನು."

"ಮತ್ತೆ ಯಾಕೆ ಸುಮ್ಮನಿದ್ರಿ?" ಎಂದು ಅರ್ಥಶಾಸ್ತ್ರದವರೇ ಕೇಳಿಬಿಟ್ಟರು.

"ನಮ್ಮಣ್ಣನಿಗೆ ಹೇಳೋಕೆ ನನಗೂ ಒಂದು ಕಾರಣ ಬೇಕಿತ್ತಲ್ಲ."

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಮೂವರು ಪರೀಕ್ಷಕರೂ ನಗುತ್ತಿದ್ದರು. ಆ ಗಂಡನ ಮಾತನ್ನು ಕೊನೆಯ ಅಧ್ಯಾಯಕ್ಕೆ ಸೇರಿಸಬೇಕು ಎಂಬ ಒಂದೇ ಷರತ್ತಿನ ಮೇಲೆ ಡಾಕ್ಟರೇಟ್ ಸಿಕ್ಕಿತು. ಆಮೇಲೆ ಗೆದ್ದೆತ್ತಿನ ಬಾಲ ಹಿಡಿಯಲು ಮೂರು ವಿಭಾಗದವರೂ ಸಾಲು ನಿಂತರು, ನಮ್ಮ ಹುಡುಗಿ, ನಮ್ಮ ಹುಡುಗಿ ಎಂದು. ಅತ್ತೆ ಸೊಸೆಯ ಕೆನ್ನೆ ಹಿಡಿದು ನಿಂತುಬಿಟ್ಟರು. ನನಗೆ ಹೆಮ್ಮೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ.

ಯಾಕಮ್ಮನ ಕಣ್ಣು ಮಾತ್ರ ಹಿಂದಿನ ಸಾಲಿನಲ್ಲಿತ್ತು. ಆ ಗಂಡ ಹೆಂಡತಿ ಏನೋ ಪಿಸುಗುಟ್ಟಿಕೊಂಡು ನಗುತ್ತಿದ್ದರು.

"ಆರು ವರ್ಷ ಸುತ್ತಿದೀನಿ ಅಕ್ಕಾ" ಎಂದಳು. "ಒಬ್ಬ ಗಂಡಸನ್ನೂ ಮಾತಾಡಿಸಲೇ ಇಲ್ಲ ನಾನು."

ಹೇಳಿದವಳೇ ನನ್ನ ಕೈ ಬಿಡಿಸಿಕೊಂಡು ಅವರತ್ತ ನಡೆದಳು.