ಗೆಜ್ಜೆ ಕಟ್ಟಿದ ಮನೆ

ನನ್ನ ಮೇಜಿನ ಮೇಲೆ ಕೂಸಿನ ಕಾಲಿಗೆ ಹಾಕುವ ಒಂದು ಜೊತೆ ಬೆಳ್ಳಿ ಕಡಗ ಬಿದ್ದಿವೆ. ಹಳೆಯವು, ಕಪ್ಪುಗಟ್ಟಿವೆ. ಅವಕ್ಕೆ ಗೆಜ್ಜೆ ಎಷ್ಟು ಒತ್ತೊತ್ತಾಗಿ ಹಚ್ಚಿದ್ದಾರೆಂದರೆ ಮೇಜು ತುಸು ಅಲುಗಿದರೂ ಘಲ್ಲೆನ್ನುತ್ತವೆ. ಬೆಳಿಗ್ಗೆ ನನ್ನ ಮೊಣಕೈ ತಾಗಿ ಒಮ್ಮೆ ಸದ್ದಾಯಿತು, ಆಮೇಲೆ ನಿಂತಿತು. ಸದ್ದಿಗೆ ನನಗೇನೂ ಆಗಲಿಲ್ಲ. ನಿಂತಾಗ ಎದೆ ಧಸಕ್ಕೆಂದಿತು. ರಾಯಚೂರಿನ ಈ ಮನೆಯಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೇ ಹೇಳಲಿಲ್ಲ.

ನಾನು ಹುಟ್ಟಿದ್ದು ಈ ಊರಿನಲ್ಲೇ. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಮಾನ್ವಿಗೆ ಹೋದೆ. ಅಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಹಿಂದೆ ಎರಡಕ್ಕೂ ಸೇರಿ ಒಂದೇ ಹಿತ್ತಲು. ಆ ಮನೆಯ ಯಜಮಾನರನ್ನು ಓಣಿಯೆಲ್ಲ ಮಿಲ್ಟ್ರಿ ಕಾಕಾ ಎನ್ನುತ್ತಿತ್ತು. ಹತ್ತಿರದ ಹಳ್ಳಿ ಮಲ್ಲಟದ ಕೂಲಿಕಾರರ ಮನೆತನದಿಂದ ಹೋಗಿ ಫೌಜಿಗೆ ಸೇರಿದವರು. ಎಪ್ಪತ್ತೊಂದರ ಯುದ್ಧ ಮುಗಿಸಿ, ಕೆಲಸ ಬಿಟ್ಟು ಬಂದು, ಹತ್ತಿ ಮಿಲ್ಲಿನಲ್ಲಿ ರಾತ್ರಿ ಕಾವಲಿಗಿದ್ದರು. ಹಗಲು ಊಟ ಮಾಡಿ ಮಲಗುತ್ತಿದ್ದರು. ಅವರ ಹೆಂಡತಿಯನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ.

ನಾನು ಕಾಲಿಟ್ಟ ದಿನವೇ ನಮ್ಮತ್ತೆ ತಾಕೀತು ಮಾಡಿದ್ದರು. "ಆ ಮನಿಗೆ ಹೋದ್ರ ಸುಮ್ನ ಒಳಗ ನುಗ್ಗಬ್ಯಾಡ. ಬಳಿ ಸಪ್ಪಳ ಮಾಡು, ಕೆಮ್ಮು. ಒಳಗಿಂದ ಬಾ ಅಂದಮ್ಯಾಲೆ ಹೋಗು."

ನನಗೋ ಪಟ್ಟಣದವಳೆಂಬ ಧಿಮಾಕು. ಒಳಗೊಳಗೇ ನಕ್ಕೆ. ಹೋಗಿ ನೋಡಿದರೆ ನಗು ತಡೆಯಲಾಗಲಿಲ್ಲ. ಬಾಗಿಲಿಗೆ ಗೆಜ್ಜೆ, ನೀರಿನ ಕೊಡದ ಕಂಠಕ್ಕೆ ಗೆಜ್ಜೆ, ಮಗಳ ಕಾಲಿಗೆ ಗೆಜ್ಜೆ. ಕೂದಲು ನೆರೆಯುತ್ತಿದ್ದ ಚಿಗವ್ವನ ಕಾಲಿಗೂ ಗೆಜ್ಜೆ! ನಲ್ಲಿಯ ಹತ್ತಿರ ಹೆಂಗಸರು "ಏನಬೇ ಮದುಮಗಳ" ಎಂದು ಕಾಡಿಸುತ್ತಿದ್ದರು, ಆಕೆಯೂ ನಗುತ್ತಿದ್ದಳು. ಕೊನೆಗೆ ಅವರ ಬೆಕ್ಕು ಬಂತು. ಅದರ ಕೊರಳಲ್ಲೂ ಒಂದು ಗೆಜ್ಜೆ.

"ಬೆಕ್ಕಿಗೂ ಏನ್ ಚಿಗವ್ವಾ? ಇಲಿ ಹೆಂಗ ಹಿಡೀಬೇಕ್ ಪಾಪ ಅದು?" ಎಂದೆ.

"ಮೊದಲಿನ ಬೆಕ್ಕಿಗೆ ಇರಲಿಲ್ಲವ್ವಾ," ಎಂದಳು. ಎಂದವಳೇ ಅಕ್ಕಿ ಆರಿಸತೊಡಗಿದಳು. ಆ ಬೆಕ್ಕು ಮಲಗಿದ್ದ ಕಾಕಾನ ಎದೆಯ ಮೇಲೆ ಹಾರಿತ್ತಂತೆ. ಎಚ್ಚರವಾದ ಮೇಲೆ ಅವರೇ ಅದನ್ನು ಹಿತ್ತಲಲ್ಲಿ ಹೂತು, ಎರಡು ದಿನ ಊಟ ಬಿಟ್ಟು ಕೂತಿದ್ದರಂತೆ. ಇದನ್ನು ನಮ್ಮತ್ತೆ ಆಮೇಲೆ ಹೇಳಿದರು.

ಎಚ್ಚರದಲ್ಲಿದ್ದಾಗ ಅಷ್ಟು ಸೌಮ್ಯ ಮನುಷ್ಯನನ್ನು ನಾನು ಕಂಡಿಲ್ಲ. ದಿನಾ ಗಡ್ಡ ಬೋಳಿಸಿ, ಬಿಳಿ ಅಂಗಿ ತೊಟ್ಟು, ಸಂಜೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಯಾರ ಮನೆಯ ಹಗ್ಗ ಹರಿದರೂ ಅವರೇ ಗಂಟು ಹಾಕಿ ಕೊಡಬೇಕು. ನನ್ನನ್ನು "ರಾಯಚೂರ ಮೇಡಂ" ಎಂದು ಚೇಷ್ಟೆ ಮಾಡುತ್ತಿದ್ದರು. ಆದರೆ ಕೂರುವಾಗ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೇ ಕೂರುತ್ತಿದ್ದರು. ಬೇಸಿಗೆಯಲ್ಲೂ ಹಾಗೆಯೇ. ಅದು ಫೌಜಿನ ರೂಢಿ ಇರಬೇಕೆಂದು ನಾನು ಅಂದುಕೊಂಡಿದ್ದೆ...

ಅವರ ಮಗಳನ್ನು ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಗೂಗಲ್ ಎಂಬ ಊರಿಗೆ ಕೊಟ್ಟರು. ಗೆಜ್ಜೆಯ ಮನೆಯಲ್ಲಿ ಬೆಳೆದವಳು ಅತ್ತೆಯ ಮನೆಯಲ್ಲೂ ಅಡುಗೆಮನೆಗೆ ಹೋಗುವ ಮುಂಚೆ ಕೆಮ್ಮುತ್ತಿದ್ದಳಂತೆ. ಸೊಸೆಗೆ ಕ್ಷಯವೇನೋ ಎಂದು ಆ ಜನ ಗಾಬರಿಬಿದ್ದು ದವಾಖಾನೆಗೆ ಕರೆದೊಯ್ದಿದ್ದರು. ಅದನ್ನು ಕೇಳಿ ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು, ಕಾಕಾ ಮಾತ್ರ ಎದ್ದು ಒಳಗೆ ಹೋದರು.

ಆಕೆ ಬಸುರಾದಳು. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಸೀಮಂತದ ಕುಬುಸ ಮಾಡಿ ಕರೆತರುವ ಹೊತ್ತಿಗೆ ಚಿಗವ್ವ ಬಾಯಿ ಬಿಡಲೇ ಇಲ್ಲ. ಇಂದು ನಾಳೆ ಎಂದು ದಿನ ತಳ್ಳಿದಳು. ಗೂಗಲ್‌ನಿಂದ ಮೇಲಿಂದ ಮೇಲೆ ಹೇಳಿಕಳಿಸಿದರು. ಓಣಿ ಬಾಯಿಗೆ ಬಂದಂತೆ ಆಡಿಕೊಂಡಿತು. ಒಬ್ಬಳೇ ಮಗಳ ಬಾಣಂತನಕ್ಕೂ ಕೈಲಾಗದ ತಾಯಿ ಎಂದು ನಮ್ಮತ್ತೆಯೇ ಎಲ್ಲರಿಗಿಂತ ಜೋರಾಗಿ ಅಂದರು.

ಒಂದು ಬೆಳಿಗ್ಗೆ ಹಿತ್ತಲಲ್ಲಿ ನಾನೂ ಚಿಗವ್ವನೂ ಕೌದಿ ಹೊಲಿಯುತ್ತ ಕೂತಿದ್ದೆವು. ನಾನು ಸಿಟ್ಟಿನಲ್ಲೇ ಕೇಳಿದೆ, ಹೆತ್ತ ಮಗಳನ್ನು ಕರೆತರಲು ಏನು ಬಂದಿದೆ ನಿನಗೆ ಎಂದು. ಆಕೆ ಸೂಜಿ ಚುಚ್ಚಿಟ್ಟಳು.

"ಅವರಽ ಬ್ಯಾಡ ಅಂದಾರವ್ವಾ. ಕೂಸಿಗೆ ಕೆಮ್ಮಾಕ ಬರ್ತದೇನು, ಅಂತ ಕೇಳ್ತಾರ."

ಆಕೆಯೇ ಮುಂದುವರಿಸಿದಳು.

"ಲಡಾಯಿದಾಗ ಅವರ ಕೂಡ ಒಬ್ಬ ಹುಡುಗ ಇದ್ನಂತ. ನಮ್ಮ ಕಡೆಯವನಽ. ಇವರು ಕೂತಲ್ಲೇ ಕಣ್ಣು ಮುಚ್ಚ್ಯಾರ. ಅವ ಚಾ ತಗೊಂಡು ಎಬ್ಬಿಸಾಕ ಬಂದಾನ. ಸಪ್ಪಳ ಆಗಬಾರ್ದು ಅಂತ ಮೆಲ್ಲಕ ಬಂದು ಹೆಗಲ ಮುಟ್ಟ್ಯಾನ. ಇವರಿಗೆ ಎಚ್ಚರಾಗೂದ್ರೊಳಗ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತಂತ..."

ಚಹಾ ಇನ್ನೂ ಬಿಸಿಯಿತ್ತಂತೆ. ಅಷ್ಟು ಹೇಳಿ ಆಕೆ ಮತ್ತೆ ಸೂಜಿ ಎತ್ತಿಕೊಂಡಳು. ಮನೆಗೆ ಬಂದು ನಮ್ಮತ್ತೆಗೆ ಹೇಳಿದೆ. ಬಾಯಿ ಜೋರಿನ ಆ ಹೆಂಗಸು ಎದ್ದು ಪಡಸಾಲೆ ಗುಡಿಸಿದರು. ಆಮೇಲೆ, "ನಮ್ಮ ಪಡಸಾಲಿ ಖಾಲಿ ಅದ ಅನ್ನು. ಗೋಡಿ ಆಚಿಗಾದ್ರೇನು ಈಚಿಗಾದ್ರೇನು, ತವರಽ ಅದು," ಎಂದರು.

ಹೀಗೆ ಆ ಹುಡುಗಿ ನಮ್ಮ ಮನೆಯಲ್ಲೇ ಹೆತ್ತಳು. ಗಂಡು ಕೂಸು. ಕಾಕಾ ನಮ್ಮ ಬಾಗಿಲಿಗೆ ಬಂದು, ಹೊಸ್ತಿಲ ಆಚೆಯೇ ನಿಂತು, ಕೈ ಹಿಂದೆ ಕಟ್ಟಿಕೊಂಡು ನೋಡಿದರು. "ಎತ್ತಿಕೋ ಬಾರೋ ತಮ್ಮಾ" ಎಂದು ನಮ್ಮತ್ತೆ ಕರೆದರೆ ತಲೆಯಾಡಿಸಿದರು. ತೊಟ್ಟಿಲ ಹೊತ್ತಿಗೆ ರಾಯಚೂರಿಗೆ ಹೋಗಿ, ಸರಾಫ ಅಂಗಡಿಯಲ್ಲಿ ಎದುರಿಗೆ ಕೂತು ಈ ಕಡಗ ಮಾಡಿಸಿ ತಂದರು. ಎಲ್ಲರ ಮನೆಯ ಕೂಸಿನ ಕಡಗಕ್ಕೆ ಒಂದೋ ಎರಡೋ ಗೆಜ್ಜೆ ಇರುತ್ತವೆ. ಇದರ ತುಂಬ ಗೆಜ್ಜೆ. ತಾತನ ಅಕ್ಕರೆ ನೋಡಿರೆ ಎಂದು ಹೆಂಗಸರು ಕೊಂಡಾಡಿದರು. ಚಿಗವ್ವ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ.

ಮರುವರ್ಷ ಪಂಚಮಿಗೆ ಮಗಳು ಬಂದಾಗ ಕೂಸು ಅಂಬೆಗಾಲಿಡುತ್ತಿತ್ತು. ಉಳಿದದ್ದು ನಮ್ಮಲ್ಲೇ. ಅವರು ಇರುವಷ್ಟು ದಿನ ಕಾಕಾ ಮಲಗಿದ ಮೇಲೆ ಚಿಗವ್ವ ಎರಡೂ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಹಾಕು ಎಂದವರು ಕಾಕಾನೇ. ಆ ದಿನ ಕಡಗ ಉಜ್ಜಿ ಕೂಸಿನ ಕಾಲು ಕೆಂಪಾಗಿತ್ತು. ಮಗಳು ಅವನ್ನು ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ, ನಮ್ಮ ಪಡಸಾಲೆಯಲ್ಲಿ ಮಲಗಿಸಿದ್ದಳು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಚಿಗವ್ವ ಯಾವ ವರ್ಷವೂ ಜೋಕಾಲಿ ಹತ್ತಿದವಳಲ್ಲ. ಗಂಡನಿಗೆ ಹಬ್ಬದ ಉಂಡಿ, ಜೋಳದ ಅಳ್ಳು ಕೊಟ್ಟು, ಅವರು ಮಲಗಿದ ಮೇಲೆ ಹಿತ್ತಲ ಬಾಗಿಲಿನಿಂದ ಹೊರಬರುವಾಗ ನಾವು ನಾಲ್ಕಾರು ಮಂದಿ ಆಕೆಯನ್ನು ಎಳೆದುಕೊಂಡೇ ಹೋದೆವು. ಚಿಲಕ ಮರೆತಳು. ಜೋಕಾಲಿ ಮೇಲೇರಿದಾಗ ಆಕೆಯ ಕಾಲಿನ ಗೆಜ್ಜೆ ಘಲಘಲ ಅನ್ನುತ್ತಿದ್ದವು. ಆಕೆ ಅಷ್ಟು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಮಗಳು ನೀರು ಕುಡಿಯಲು ನಮ್ಮ ಮನೆಗೆ ಹೋದವಳು ಬಾಗಿಲಲ್ಲೇ ನಿಂತು "ಅವ್ವಾ" ಎಂದಳು. ಕೂಗಲಿಲ್ಲ, ಬರೀ ಅಂದಳು. ಕೂಸಿನ ಹಾಸಿಗೆ ಖಾಲಿಯಿತ್ತು. ಹಿತ್ತಲ ಕಡೆ ಓಡಿದೆವು. ಆಚೆ ಮನೆಯ ಹಿಂಬಾಗಿಲು ತೆರೆದಿತ್ತು. ಎಲ್ಲೂ ಸದ್ದಿಲ್ಲ.

ಕೂಸಿನ ಪ್ರಾಣದ ಮಾತು, ಒಳಗೆ ನುಗ್ಗಬೇಕಿತ್ತು. ಆದರೂ ಹೊಸ್ತಿಲಿಗೆ ಬಂದು ನಾವೆಲ್ಲ ನಿಂತುಬಿಟ್ಟೆವು. ಅಷ್ಟು ವರ್ಷದ ರೂಢಿ. ಚಿಗವ್ವ ಕಾಲು ಕುಣಿಸಿ ಗೆಜ್ಜೆ ಸದ್ದು ಮಾಡಿದಳು. ಒಳಗಿನಿಂದ ದನಿ ಬಂತು.

"ಬರ್ರಿ. ಲಗೂನ ಬರ್ರಿ."

ಕಾಕಾ ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು. ಎರಡೂ ಕೈ ತೊಡೆಯ ಕೆಳಗಿದ್ದವು. ತೊಡೆಯ ಮೇಲೆ ಕೂಸು ಕೂತು ಅವರ ಅಂಗಿಯ ಗುಂಡಿ ಚೀಪುತ್ತಿತ್ತು, ಅಳುತ್ತಿರಲಿಲ್ಲ. ಅದರ ಎಳೆಯ ತೋಳಿನ ಮೇಲೆ ಕೆಂಪಗೆ ಬೆರಳುಗಳು ಮೂಡಿದ್ದವು.

"ಎಚ್ಚರಾದಾಗ ಕೂಸು ನನ್ನ ಕೈಯಾಗ ಇತ್ತು," ಎಂದರು ಕಾಕಾ. ಮಗಳು ಕೂಸನ್ನು ಎಳೆದುಕೊಂಡಳು. ಕಾಕಾನ ಮುಖವನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಆ ಸಂಜೆ ಅವರು ಮಿಲ್ಲಿಗೆ ಹೋಗಲಿಲ್ಲ. ಹಾಸಿಗೆ ಸುತ್ತಿಕೊಂಡು ಮಲ್ಲಟದ ಬಸ್ಸು ಹತ್ತಿದರು. ಅಲ್ಲಿ ಅವರ ಅಣ್ಣ ಯಾರದೋ ಹೊಲವನ್ನು ಪಾಲಿಗೆ ಮಾಡುತ್ತಿದ್ದ, ಅದರಲ್ಲಿ ಒಂದು ಗುಡಿಸಲಿತ್ತು. ಅಲ್ಲೇ ಉಳಿದರು. ಬದುವಿನ ಜಾಲಿ ಮರಕ್ಕೆ ಎತ್ತಿನ ಕೊರಳ ಗಂಟೆ ಕಟ್ಟಿದ್ದರು. ಬಂದವರು ಅದನ್ನು ಬಾರಿಸಿ ನಿಲ್ಲಬೇಕು, ಅವರು ಬಾ ಎಂದ ಮೇಲೆ ಹೋಗಬೇಕು. ಅಣ್ಣನ ಮನೆಯವರು ರೊಟ್ಟಿ ಕೊಡುತ್ತಿದ್ದರು. ಚಿಗವ್ವ ವಾರಕ್ಕೊಮ್ಮೆ ಹೋಗಿ, ಬಟ್ಟೆ ಒಗೆದು, ಬೆಳಕಿರುವಾಗಲೇ ವಾಪಸು ಬರುತ್ತಿದ್ದಳು. ಬಂದವಳು ನಮ್ಮ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದಳು. ಜೋಕಾಲಿಗೆ ಕರೆದದ್ದು ನಾವೇ ಆದರೂ ಆಕೆ ನಮ್ಮನ್ನು ಒಂದು ಮಾತು ಅನ್ನಲಿಲ್ಲ.

ಮೊಮ್ಮಗ ದೊಡ್ಡವನಾದಂತೆ ಅಲ್ಲಿಗೆ ಹೋಗುತ್ತಿದ್ದ. ಗಂಟೆ ಬಾರಿಸುವುದು ಅವನಿಗೊಂದು ಆಟ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ತಾತ ಗುಡಿಸಲ ಮುಂದೆ ಕೂತು, ಹುಡುಗನನ್ನು ಒಂದು ಮಾರು ದೂರ ಕೂರಿಸಿಕೊಂಡು, ಹತ್ತಿ ಗಿಡದ ವಿಷಯ, ಹಕ್ಕಿಗಳ ವಿಷಯ ಹೇಳುತ್ತಿದ್ದರು. ಹುಡುಗ ಬಾಯಿ ತೆರೆದು ಕೇಳುತ್ತಿದ್ದ. ಅವನೂ ಎರಡು ಕೈ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಹಾಗೆ ಕೂರಬೇಕೆಂದು ತಿಳಿದಿದ್ದನೋ ಏನೋ...

ಎಂಬತ್ತರ ದಶಕದ ಕೊನೆಗೆ, ಒಂದು ಬೆಳಿಗ್ಗೆ, ಮಗಳು ಗೂಗಲ್‌ನಿಂದ ಬಂದವಳು ನೇರ ಹೊಲಕ್ಕೆ ಹೋಗಿದ್ದಳು. ಗಂಟೆ ಬಾರಿಸಿದಳು. ಉತ್ತರವಿಲ್ಲ. ಮತ್ತೆ ಬಾರಿಸಿದಳು. ಬಿಸಿಲು ಏರಿತು. ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆಯೇ ನಿಂತಿದ್ದಳು. ಕೊನೆಗೆ ಆಚೆ ಹೊಲದ ರೈತ ಗಂಟೆಯ ಸದ್ದಿಗೆ ಬೇಸತ್ತು ಬಂದು ಗುಡಿಸಲಲ್ಲಿ ಇಣುಕಿದ. ಕಾಕಾ ಹೋಗಿ ಬಹಳ ಹೊತ್ತಾಗಿತ್ತು. ಹೊರಸಿನ ಮೇಲೆ ಅಂಗಾತ ಮಲಗಿದ್ದರು.

ಅಷ್ಟು ಹೊತ್ತು ಯಾಕೆ ನಿಂತಿದ್ದೆ ಎಂದು ನಾನು ಆಮೇಲೆ ಕೇಳಿದೆ.

"ಅಪ್ಪ ಬಾ ಅಂದಿರಲಿಲ್ಲಕ್ಕಾ. ಹೆಂಗ ಹೋಗ್ಲಿ?" ಎಂದಳು.

ಮಣ್ಣು ಕೊಡುವಾಗ ಆಕೆ ಮೊದಲ ಬಾರಿಗೆ ಅಪ್ಪನ ಕೈ ಹಿಡಿದುಕೊಂಡು ಕೂತಳು. ಬಿಡಿಸಬೇಕಾಯಿತು. ಚಿಗವ್ವ ಕಾಲಿನ ಗೆಜ್ಜೆ ಬಿಚ್ಚಲು ಒಪ್ಪಲಿಲ್ಲ. ವಿಧವೆಗೆ ಸಲ್ಲದು ಎಂದವರ ಮಾತಿಗೆ ಕಿವಿಗೊಡಲಿಲ್ಲ. ಸಾಯುವವರೆಗೂ ಆ ಖಾಲಿ ಮನೆಯೊಳಗೆ ಸದ್ದು ಮಾಡುತ್ತಲೇ ಓಡಾಡಿದಳು. ಗೋಡೆಯ ಈಚೆ ನಾನು ಕೇಳುತ್ತಿದ್ದೆ. ಈಗ ಕಾಕಾ, ಚಿಗವ್ವ ಇಬ್ಬರೂ ಇಲ್ಲ, ಆ ಗೋಡೆಯೂ ಇಲ್ಲ.

ಈ ಕಡಗ ನಿನ್ನೆ ತಂದುಕೊಟ್ಟವನು ಅದೇ ಮೊಮ್ಮಗ. ಅವನಿಗೆ ಮಗು ಹುಟ್ಟಿದೆ, ಮುಂದಿನ ವಾರ ತೊಟ್ಟಿಲು. ಸರಾಫ ಅಂಗಡಿ ಮುಚ್ಚಿತ್ತೆಂದು, ಮೆರುಗು ಹಾಕಿಸಿ ಇಡಿ ಎಂದು ನನ್ನ ಹತ್ತಿರ ಕೊಟ್ಟ.

"ದೊಡ್ಡವ್ವಾ, ಗೆಜ್ಜಿ ಭಾಳ ಅವ. ಕೂಸಿನ ನಿದ್ದಿ ಕೆಡ್ತದ. ಅರ್ಧ ತಗಿಸಿಬಿಡ್ರಿ," ಎಂದು ನಕ್ಕ. ಅವನಿಗೆ ಏನೂ ಗೊತ್ತಿಲ್ಲ, ಅವನವ್ವ ಹೇಳಿಲ್ಲ. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ.

"ಕೂಸು ಯಾರ ಹಂಗ ಅದಪಾ? ಎತ್ತಿಕೊಂಡ್ರ ಅಳ್ತದೇನು?" ಎಂದು ಮಾತು ತಿರುಗಿಸಿದೆ.

"ನಾ ಇನ್ನಾ ಎತ್ತಿಕೊಂಡಿಲ್ರಿ," ಎಂದ. "ಎಲ್ಲಾರೂ ಬೈತಾರ. ಯಾಕೋ ಗೊತ್ತಿಲ್ಲ, ಕೈ ಮುಂದ ಬರೂದಿಲ್ಲ."

ಆಗ ನೋಡಿದೆ. ನನ್ನ ಮನೆಯ ಕುರ್ಚಿಯಲ್ಲಿ ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಚಹಾ ಲೋಟ ಮುಂದೆ ಆರುತ್ತಿತ್ತು. ನಾನು ಎದ್ದು ಹೋಗಿ ಅವನ ಒಂದು ಕೈಯನ್ನು ಹಿಡಿದು ಹೊರಗೆಳೆದೆ. ಬೆಚ್ಚಿ, ಗಟ್ಟಿಯಾಗಿ ನನ್ನ ಮಣಿಕಟ್ಟು ಹಿಡಿದ, ಮರುಕ್ಷಣ ನಾಚಿ ಬಿಟ್ಟ. ನಾನು ಬಿಡಲಿಲ್ಲ. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಅವನ ಪಕ್ಕದಲ್ಲಿ ಕೂತೆ.

"ಮನಿಗೆ ಹೋಗಿ ಮೊದಲು ಕೂಸನ್ನ ಎತ್ತಿಕೋ," ಎಂದೆ.

"ನೋಡೂಣ್ರಿ ದೊಡ್ಡವ್ವಾ," ಎಂದ.